ಕೈಗೂಸಿನೊಡನೆ ಕ್ಯಾಂಪು

ಪರರ ಮಕ್ಕಳ ವಿಷಯದಲ್ಲಿ ನನ್ನಷ್ಟು ಧೈರ್ಯವಂತರು ಸಿಗುವುದು ಕಷ್ಟ. ಜಂಭಕ್ಕೆ ಹೇಳುತ್ತಿಲ್ಲ; ನನ್ನ ಉದ್ಯೋಗವೇ ಅಂಥದು. ಮಹಾರಾಜರ ಸರ್ಕಾರದಲ್ಲಿ ನನ್ನದು ಮೈಲಿ ಹಾಕುವ ಕೆಲಸ. ಅಂದರೆ, ಸಿಡುಬು ಬಾರದಿರಲೆಂದು ಎಳೆಮಕ್ಕಳ ತೋಳನ್ನು ಸಣ್ಣ ಚೂರಿಯಿಂದ ಗೀರಿ ಮದ್ದು ಸವರುವುದು. ಮನೆ ಹುಣಸೂರಿನಲ್ಲಿ, ತಿರುಗಾಟ ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ. ಮಗು ಕಿಟಾರನೆ ಕಿರುಚುತ್ತದೆ, ತಾಯಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ, ನಾನು ಎಲೆಯಡಿಕೆ ಅಗಿಯುತ್ತ ಮುಂದಿನ ತೋಳಿಗೆ ಕೈ ಚಾಚುತ್ತೇನೆ. ತಾಯಂದಿರ ಮೌಢ್ಯದ ಬಗ್ಗೆ ನಾನು ಗಂಟೆಗಟ್ಟಲೆ ಭಾಷಣ ಮಾಡಬಲ್ಲೆ. ಮಾಡಿಯೂ ಇದ್ದೇನೆ, ಹೆಚ್ಚಾಗಿ ನನ್ನ ಹೆಂಡತಿ ಜಾನಕಿಯ ಮುಂದೆ; ಏಕೆಂದರೆ ಹಳ್ಳಿಯವರು ನನ್ನ ಭಾಷಣ ಮುಗಿಯುವ ತನಕ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ರುಮಾಲು ದೂರದಲ್ಲಿ ಕಂಡರೆ ಸಾಕು, ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಕಾಡಿನ ಕಡೆಗೆ ಓಟ. ಹುಲಿ ಇರುವ ಕಾಡು ಅದು. ಹುಲಿಯೇ ವಾಸಿ ಎಂದು ಅವರಿಗೆ ತೋರಿದ್ದರೆ ಅದು ಅವರ ತಿಳಿವಳಿಕೆ.

ಹೀಗೆ ಎರಡು ಸಲ ನಾನು ಮದ್ದಿನ ಗಾಜಿನ ನಳಿಗೆಗಳನ್ನು ಹೊತ್ತುಕೊಂಡು ಹೋದ ಹಾಗೆಯೇ ಹಿಂದಕ್ಕೆ ತಂದೆ. ಆ ಮದ್ದು ಬಿಸಿಲಿಗೆ ಕೆಡುವಂಥದು. ನಮ್ಮ ಸಾಹೇಬರ ತಾಳ್ಮೆಯೂ ಹಾಗೆಯೇ. ಅವರು ಕನ್ನಡಕದ ಮೇಲಿನಿಂದ ನೋಡಿ, "ಇನ್ನೊಂದು ಸಲ ಮದ್ದು ವಾಪಸು ತಂದರೆ ನೀವು ಮನೇಲೇ ಆರಾಮವಾಗಿರಬಹುದು" ಎಂದರು. ಅವರು ಆರಾಮ ಎಂದದ್ದು ನನ್ನ ಆರೋಗ್ಯದ ಮೇಲಿನ ಕಾಳಜಿಯಿಂದಲ್ಲ. ಆಗ ನನಗೊಂದು ಅದ್ಭುತ ಉಪಾಯ ಹೊಳೆಯಿತು. ಒಂಟಿ ಗಂಡಸು ಚೂರಿ ಹಿಡಿದು ಬಂದರೆ ಜನ ಓಡದೆ ಇನ್ನೇನು ಮಾಡಿಯಾರು? ಹೆಂಡತಿ, ಐದು ತಿಂಗಳ ಕೈಗೂಸು ಸಮೇತ ಹೋದರೆ? ಮಗುವನ್ನು ಹೆತ್ತವನು ಮಕ್ಕಳಿಗೆ ಕೇಡು ಬಗೆಯುವನೇ ಎಂದುಕೊಂಡು ತಾವೇ ಹತ್ತಿರ ಬರುತ್ತಾರೆ. ಹೀಗೆ ನಮ್ಮ ಚಂಪಾಳಿಗೆ ಐದನೆಯ ತಿಂಗಳಲ್ಲೇ ಸರ್ಕಾರಿ ಚಾಕರಿ ದೊರೆಯಿತು, ಸಂಬಳವಿಲ್ಲದೆ.

ಹೊರಟಾಗ ಎರಡು ಎತ್ತಿನ ಗಾಡಿಗಳಾದವು. ಸರ್ಕಾರದ ಸಾಮಾನು ಒಂದು ಟ್ರಂಕು ಮತ್ತು ಒದ್ದೆ ಬಟ್ಟೆ ಸುತ್ತಿದ ಮದ್ದಿನ ಮಡಕೆ. ಮಿಕ್ಕದ್ದೆಲ್ಲ ಚಂಪಾಳದು: ಎರೆಯಲು ಹಂಡೆ, ಹಾಲು ಕುಡಿಸುವ ಒಳಲೆ, ಬಜೆ, ಜಾಯಿಕಾಯಿ, ಸಾಂಬ್ರಾಣಿಯ ಕುಂಡ, ಹರಳೆಣ್ಣೆಯ ಶೀಷೆ, ಒಂದು ಮೂಟೆ ಹಳೆಯ ಪಂಚೆ. ಗಾಡಿಯ ಸಿದ್ದಯ್ಯ ಎಲ್ಲವನ್ನೂ ಹೇರಿ ಮುಗಿಸಿ ಸೊಂಟ ಹಿಡಿದುಕೊಂಡು, "ಸ್ವಾಮ್ಯೋರೆ, ಕೂಸು ಎಷ್ಟು ವರ್ಸ ಅಲ್ಲೇ ಸಂಸಾರ ಮಾಡ್ತದೆ?" ಎಂದು ಕೇಳಿದ. ನಾನು ಗಾಡಿ ಹತ್ತಿ ಕುಳಿತೆ. ಸರ್ಕಾರಿ ನೌಕರ ಎಲ್ಲದಕ್ಕೂ ಉತ್ತರ ಕೊಡಬೇಕೆಂದಿಲ್ಲ.

ನಾವು ಮುಟ್ಟಿದ್ದು ಸರಗೂರಿನಾಚೆಯ ಒಂದು ಸಣ್ಣ ಹಳ್ಳಿ. ಸುಗ್ಗಿ ಮುಗಿದ ಕಾಲ. ಊರ ತುಂಬ ರಾಗಿ ಹುಲ್ಲಿನ ಮೆದೆಗಳು. ಮೈಲಿ ಹಾಕುವವನನ್ನು ಚಾವಡಿಯಲ್ಲಿ ಮಲಗಿಸಿದರೆ ಮಾರಮ್ಮ ಮುನಿಯುತ್ತಾಳೆಂದು ಅಲ್ಲಿಯವರ ನಂಬಿಕೆ. ಆದ್ದರಿಂದ ಊರ ಹೊರಗಿನ ಹುಣಸೆ ತೋಪಿನಲ್ಲಿ ಕಚೇರಿಯ ಹಳೆಯ ಡೇರೆ ಹೊಡೆದೆವು. ಡೇರೆಯಲ್ಲಿ ತೊಲೆಯಿಲ್ಲ, ತೊಲೆಯಿಲ್ಲದೆ ತೊಟ್ಟಿಲಿಲ್ಲ, ತೂಗದೆ ಚಂಪಾಳಿಗೆ ನಿದ್ದೆಯಿಲ್ಲ. ಕೊನೆಗೆ ಜಾನಕಿಯ ಸೀರೆಯನ್ನು ಡೇರೆಯ ಅಡ್ಡಗಳುವಿಗೇ ಜೋಲಿ ಕಟ್ಟಿದೆವು. ಜೋಲಿ ಎಡಕ್ಕೆ ಹೋದರೆ ಡೇರೆ ಎಡಕ್ಕೆ, ಬಲಕ್ಕೆ ಬಂದರೆ ಡೇರೆ ಬಲಕ್ಕೆ. ಒಳಗೆ ಜಾನಕಿ ತೂಗುವುದು, ಹೊರಗೆ ನಾನು ಹಗ್ಗ ಹಿಡಿದು ಗೂಟದ ಮೇಲೆ ಕಾಲಿಟ್ಟು ನಿಲ್ಲುವುದು. ಇಲಾಖೆಯ ಪ್ರತಿನಿಧಿಯನ್ನು ಆ ಊರಿನವರು ಮೊದಲು ಕಂಡದ್ದು ಈ ಗಂಭೀರ ಭಂಗಿಯಲ್ಲಿ.

ಪಟೇಲ ಕೈಮುಗಿದು ಬಂದ. ನಾನು ಮಕ್ಕಳ ಪಟ್ಟಿ ಕೇಳಿದೆ. "ನಮ್ಮೂರಲ್ಲಿ ಎಳೆ ಮಕ್ಳೇ ಇಲ್ಲ ಕಣ್ ಸ್ವಾಮಿ" ಎಂದ, ಬಹಳ ದುಃಖದಿಂದ. ಅವನ ಬೆನ್ನ ಹಿಂದೆ ಪ್ರತಿ ಬೇಲಿಯ ಮೇಲೂ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ಅವು ಯಾರವೆಂದು ಕೇಳಿದೆ. "ಅವಾ? ಮುದುಕ್ರು ಮೂಗು ಒರ್‍ಸ್ಕಳೋವು, ಬುಡಿ" ಎಂದ. ಅಷ್ಟೊಂದು ನೆಗಡಿಯಾದ ಊರನ್ನು ನಾನು ನೋಡಿರಲಿಲ್ಲ. ಎರಡು ದಿನ ಬೀದಿ ಬೀದಿ ಅಲೆದರೂ ಒಂದು ಕೂಸಿನ ಸದ್ದಿಲ್ಲ. ಮಡಕೆಯ ಬಟ್ಟೆಯನ್ನು ಮತ್ತೆ ಮತ್ತೆ ನೆನೆಸುತ್ತ, ಮನೆಯಲ್ಲಿ ಆರಾಮವಾಗಿರುವುದು ಹೇಗಿರಬಹುದೆಂದು ಯೋಚಿಸತೊಡಗಿದೆ.

ಮೂರನೆಯ ದಿನ ಬೆಳಿಗ್ಗೆ ಜಾನಕಿ ಚಂಪಾಳಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯಲು ಕುಳಿತಳು. ನಮ್ಮ ಮಗಳ ಗಂಟಲು ಅವಳ ಅಜ್ಜಿಯದು. ಮೊದಲ ಚೆಂಬು ಬಿದ್ದದ್ದೇ ತಡ, ತೋಪಿನ ಕಾಗೆಗಳೆಲ್ಲ ಎದ್ದು ಹಾರಿದವು. ಅವಳು ಉಸಿರೆಳೆದುಕೊಳ್ಳಲು ನಿಂತ ಗಳಿಗೆಯಲ್ಲಿ, ಹತ್ತಿರದ ಹುಲ್ಲಿನ ಮೆದೆಯೊಂದು ಅಳತೊಡಗಿತು. ನಾನು ಬೆಚ್ಚಿಬಿದ್ದೆ. ಅದಕ್ಕೆ ಆಚೆಯ ಮೆದೆ ಉತ್ತರ ಕೊಟ್ಟಿತು. ಒಂದು ದನದ ಕೊಟ್ಟಿಗೆ ದನಿಗೂಡಿಸಿತು. ಕಡೆಗೆ, ಕ್ಷೇಮ ವಿಚಾರಿಸಲು ಬಂದು ನನ್ನೆದುರು ನಿಂತಿದ್ದ ಪಟೇಲನ ಮನೆಯ ಅಟ್ಟವೇ ಎಲ್ಲಕ್ಕಿಂತ ಜೋರಾಗಿ ಬಾಯಿ ಬಿಟ್ಟಿತು. ಇಡೀ ಊರು ಹೋ ಎಂದು ಅಳುತ್ತಿರುವಾಗ ಪಟೇಲ ಆಕಾಶ ನೋಡಿದ. "ಮುದುಕರಿಗೆ ಏನಾಯಿತು, ಪಟೇಲರೆ?" ಎಂದು ನಾನು ವಿನಯದಿಂದ ವಿಚಾರಿಸಿದೆ.

ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಹೆಂಗಸರು ಒಬ್ಬೊಬ್ಬರಾಗಿ ಡೇರೆಯ ಬಳಿಗೆ ಬಂದರು. ಮುಂದೆ ಪಟೇಲನ ತಾಯಿ ಕೆಂಪಮ್ಮ, ಸೊಂಟದ ಮೇಲೆ ಮೊಮ್ಮಗ. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಮೌಢ್ಯದ ಬಗ್ಗೆ ಮೊದಲ ವಾಕ್ಯ ಮುಗಿಯುವ ಮೊದಲೇ ಮುದುಕಿ ಕೇಳಿದಳು:

"ಅದಿರ್‍ಲಿ ಸ್ವಾಮಿ. ನಿಮ್ಮ ಕೂಸ್ಗೆ ಆಕಿದ್ದೀರಾ? ತೋಳು ತೋರ್‍ಸಿ, ನೋಡಾವ."

ಚಂಪಾಳ ತೋಳು ಎಣ್ಣೆ ಹಚ್ಚಿಕೊಂಡು ಮಿರಮಿರನೆ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲದೆ. ನಾನು ಚೇತರಿಸಿಕೊಂಡು, ಏನು ಮಾಡುವುದು, ಮನೆಯಲ್ಲಿ ಹೆಂಗಸರು ಒಪ್ಪಬೇಕಲ್ಲ ಎಂದು ಜಾನಕಿಯ ಕಡೆ ನೋಡಿದೆ. ಹೆಂಡತಿ ಇರುವುದು ಇಂಥ ಹೊತ್ತಿಗೇ ಎಂದು ನನ್ನ ಭಾವನೆ. ಅವಳು ಮಗುವಿನ ತಲೆ ಒರೆಸುತ್ತ, "ನಾನು ಮೂರು ತಿಂಗಳಿಂದ ಹೇಳ್ತಿದೀನಿ ಕಣಮ್ಮ. ಇವರೇ ಒಂದು ಸಲ ನೆಗಡಿ ಅಂದ್ರು, ಒಂದು ಸಲ ಅಮಾವಾಸ್ಯೆ ಅಂದ್ರು, ಈಗ ಹಲ್ಲು ಬರೋ ಕಾಲ ಅಂತಾರೆ" ಎಂದಳು. ಒಂದು ಅಕ್ಷರವೂ ಸುಳ್ಳಲ್ಲ. ಹೆಂಗಸರು ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಂಪಮ್ಮ ಮಾತ್ರ ನನ್ನನ್ನು ಕನಿಕರದಿಂದ ನೋಡಿ, "ಅಂಗಾರೆ ನೀವೂ ನಮ್ಮಂಗೇಯ" ಎಂದಳು.

ಅಷ್ಟಾದ ಮೇಲೆ ಬೇರೆ ದಾರಿ ಇರಲಿಲ್ಲ. ಚೂರಿಯನ್ನು ಬೆಂಕಿಗೆ ಹಿಡಿದೆ, ಆರಿಸಿದೆ. ಜಾನಕಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೋಳು ಹಿಡಿದಳು. ಚಂಪಾ ನನ್ನನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಚೂರಿ ತೋಳಿನ ತನಕ ಹೋಗಿ ಹಿಂದಕ್ಕೆ ಬಂತು. ಕೆಂಪಮ್ಮ ನನ್ನ ಮಣಿಕಟ್ಟನ್ನು ಹಿಡಿದು, "ಗೀರಿ, ಗೀರಿ, ಏನಾಗಕಿಲ್ಲ" ಎಂದು ಧೈರ್ಯ ಹೇಳಿದ್ದರಿಂದ ಕೆಲಸವೇನೋ ಆಯಿತು. ಮಗು ಅತ್ತಿತು. ಬೇರೆ ಯಾರಾದರೂ ಅತ್ತರೇ ಎಂಬುದನ್ನು ದಿನಚರಿಯಲ್ಲಿ ಬರೆಯಬೇಕೆಂಬ ನಿಯಮವಿಲ್ಲ. ಆಮೇಲೆ ತಾಯಂದಿರು ಸಾಲಾಗಿ ಕುಳಿತರು. ಪರರ ತೋಳುಗಳನ್ನು ಕಂಡೊಡನೆ ನನ್ನ ಕೈಗೆ ಬಲ ಬಂತು, ನಾಲಗೆಗೂ ಬಂತು. "ಐದನೇ ದಿನ ಮೈ ಕಾವೇರುತ್ತೆ, ಎರಡು ದಿನಕ್ಕೆ ತಾನೇ ಇಳಿಯುತ್ತೆ, ಹೆದರಬೇಡಿ" ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಸಂಜೆಯ ಹೊತ್ತಿಗೆ ನಳಿಗೆಗಳೆಲ್ಲ ಬರಿದಾಗಿದ್ದವು, ನನ್ನ ಕೆಲಸ ಉಳಿದಿತ್ತು.

ಮದ್ದು ಹತ್ತಿತೋ ಇಲ್ಲವೋ ನೋಡಲು ಎಂಟು ದಿನ ಅಲ್ಲೇ ಬಿಡಾರವಿರಬೇಕು. ಐದನೆಯ ದಿನ ಚಂಪಾಳ ಮೈ ಕೆಂಡವಾಯಿತು. ತೋಳು ಊದಿಕೊಂಡಿತು, ಹಾಲು ಬೇಡವೆಂದಳು. ಮಾರನೆಯ ದಿನ ಜ್ವರ ತಾನಾಗಿ ಇಳಿಯಿತೆಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಅಂದು ನನಗೆ ಅದು ಗೊತ್ತಿರಲಿಲ್ಲ. ಜಾನಕಿ, "ಎಲ್ಲ ಮಕ್ಕಳಿಗೂ ಹೀಗೇ ಅಂತ ನೀವೇ ಹೇಳ್ತೀರಲ್ಲ" ಎಂದಳು. ಎಲ್ಲ ಮಕ್ಕಳ ಮಾತು ಬೇರೆ ಎಂದೆ. ನನಗೆ ಭಯವಾಗಿತ್ತು, ಬಾಯಿ ಒಣಗುವಂಥ, ನಾಚಿಕೆಗೆಟ್ಟ ಭಯ. ಓಡುತ್ತ ಕೆಂಪಮ್ಮನ ಮನೆಗೆ ಹೋದೆ. ಅವಳ ಮೊಮ್ಮಗನೂ ಜ್ವರದಲ್ಲಿ ಮಲಗಿದ್ದ.

"ಕಾವು ಎಲ್ಡು ದಿನ ಇರ್ತದಂತೆ, ಆಮ್ಯಾಕೆ ಇಳೀತದಂತೆ" ಎಂದು ಅವಳು ನನಗೆ ತಿಳಿಸಿದಳು.

ನಾನು ಮೆಲ್ಲಗೆ ಮಾರಮ್ಮನ ಗುಡಿಯ ದಾರಿ ಕೇಳಿದೆ. ಅವಳು ಒಂದು ಹಿಡಿ ಬೇವಿನ ಸೊಪ್ಪು ಕೈಗಿಟ್ಟು ಕೆರೆಯ ಕಡೆ ತೋರಿಸಿದಳು. ಊರಿಗೆ ಊರೇ ಜ್ವರದಲ್ಲಿರುವಾಗ ಗುಡಿ ತಾಯಂದಿರಿಂದ ತುಂಬಿರುತ್ತದೆ, ಗುಂಪಿನಲ್ಲಿ ಗೋವಿಂದ ಎಂದು ನಾನೂ ಒಂದು ಸಲ ಅಡ್ಡಬೀಳಬಹುದು, ಸರ್ಕಾರಿ ನೌಕರನೆಂದು ಯಾರೂ ಗಮನಿಸಲಾರರು ಎಂದು ಲೆಕ್ಕ ಹಾಕಿಕೊಂಡು ರುಮಾಲು ಕಂಕುಳಲ್ಲಿಟ್ಟುಕೊಂಡು ಹೋದೆ. ಗುಡಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವರೆಲ್ಲ ನನ್ನ ಮಾತು ನಂಬಿಕೊಂಡು ಮನೆಯಲ್ಲಿ ನಿಶ್ಚಿಂತೆಯಾಗಿ ರಾಗಿ ಬೀಸುತ್ತಿದ್ದರು.