ಚಕ್ರವಿಲ್ಲದ ಗಾಡಿಗೆ ಆಯುಧಪೂಜೆ

ರಜೆಯ ದಿನ ಟಿ.ವಿ. ಮುಂದೆ ಬಿದ್ದುಕೊಂಡಿದ್ದರೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಅದೇ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು ನೋಡಿ, ಇಡೀ ಬೀದಿಗೆ ನಿಮ್ಮ ಮೇಲೆ ಅಧಿಕಾರ ಬಂದುಬಿಡುತ್ತದೆ. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ನಾನು ಹೋವರ್‌ಕ್ರಾಫ್ಟ್ ಕಟ್ಟಲು ಕೂತಾಗಿನಿಂದ ಇಂಥದ್ದು ನಡೆಯುತ್ತಲೇ ಇದೆ.

ಹೋವರ್‌ಕ್ರಾಫ್ಟ್ ಅಂದರೆ ಚಕ್ರವಿಲ್ಲದ ಗಾಡಿ. ಒಳಗಿನ ಫ್ಯಾನು ಕೆಳಕ್ಕೆ ಗಾಳಿ ತಳ್ಳುತ್ತದೆ, ಆ ಗಾಳಿಯ ಮೇಲೆ ಗಾಡಿ ನೆಲ ಬಿಟ್ಟು ಏಳುತ್ತದೆ, ನೀರೋ ನೆಲವೋ ನೋಡದೆ ಜಾರಿಕೊಂಡು ಹೋಗುತ್ತದೆ. ನನ್ನದು ಊಟದ ಮೇಜಿನ ಅರ್ಧದಷ್ಟಿದ್ದ ಮಾದರಿ. ಪೆಟ್ರೋಲ್ ಇಂಜಿನ್, ಕೈಯಲ್ಲಿ ರಿಮೋಟು. ಕಟ್ಟುತ್ತಿದ್ದ ಜಾಗ ಅಡುಗೆಮನೆ ಹಿಂದಿನ ಯುಟಿಲಿಟಿ. ಆ ಜಾಗದ ಮೇಲೆ ನನ್ನ ಹೆಂಡತಿ ವಾಷಿಂಗ್ ಮೆಷಿನ್‌ಗೆಂದು ಕಣ್ಣಿಟ್ಟಿದ್ದಳು.

"ಆಯುಧಪೂಜೆ ಒಳಗೆ ಅದು ನೆಲ ಬಿಟ್ಟು ಏಳ್ಬೇಕು. ಎದ್ರೆ ಜಾಗ ನಿಮ್ದು. ಏಳ್ಲಿಲ್ಲಾಂದ್ರೆ ಅದು ಗುಜರಿಗೆ, ಮೆಷಿನ್ ಒಳಗೆ," ಎಂದು ಗಡುವು ಕೊಟ್ಟಳು.

ತೀರ್ಪು ಹೇಳುವವರು ಅವಳ ತಾಯಿ. ಇಷ್ಟು ನಿಷ್ಪಕ್ಷಪಾತವಾದ ಕೋರ್ಟು ಯಾವ ಅಳಿಯನಿಗೆ ಸಿಕ್ಕೀತು!

ಲಂಗ

ಅಡಿಯ ಗಾಳಿ ಪಕ್ಕಕ್ಕೆ ಸೋರಿಹೋಗದಂತೆ ಗಾಡಿಯ ಸುತ್ತ ಬಟ್ಟೆ ಕಟ್ಟಬೇಕು. ಅದಕ್ಕೆ ಸ್ಕರ್ಟ್ ಎಂದೇ ಹೆಸರು. ಹೆಸರಿಟ್ಟವರು ನನ್ನ ಮರ್ಯಾದೆಯ ಬಗ್ಗೆ ಯೋಚಿಸಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಛತ್ರಿ ಬಟ್ಟೆ ಕೊಂಡು, ಶಿವಾಜಿನಗರದ ಸಂದಿಯಲ್ಲಿದ್ದ ಟೈಲರ್ ಹತ್ತಿರ ಹೋದೆ.

"ಒಂದು ಸ್ಕರ್ಟ್ ಹೊಲೀಬೇಕಿತ್ತು."

"ಬೇಬಿಗಾ ಸಾರ್, ಮೇಡಂಗಾ?"

"ಇಬ್ಬರಿಗೂ ಅಲ್ಲ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಡ್ರಾಮಾಗಾ ಸಾರ್? ಇರ್ಲಿ ಬಿಡಿ. ಸೊಂಟ ಎಷ್ಟು?"

"ಮೂರು ಮೀಟರ್."

ಟೇಪು ಕೈಯಿಂದ ಜಾರಿತು. "ಉದ್ದ?"

"ಒಂದು ಗೇಣೂ ಬೇಡ."

"ಯಾ ಅಲ್ಲಾ! ಇಷ್ಟು ದೊಡ್ಡ ಸೊಂಟಕ್ಕೆ ಇಷ್ಟು ಗಿಡ್ಡ ಲಂಗಾನಾ?"

ಮೊಬೈಲಿನಲ್ಲಿ ಚಿತ್ರ ತೋರಿಸಿ ಎಲ್ಲ ಬಿಡಿಸಿ ಹೇಳಿದೆ. ಗಾಳಿಯ ಮೇಲೆ ಹೋಗುವ ಗಾಡಿ ಎಂದು ತಿಳಿದ ಮೇಲೆ ಅವರ ಮುಖವೇ ಬದಲಾಯಿತು. ಮದುವೆ ಹುಡುಗಿಯ ಬಟ್ಟೆಯನ್ನು ಪಕ್ಕಕ್ಕಿಟ್ಟು ನನ್ನದನ್ನು ಕೈಗೆತ್ತಿಕೊಂಡರು, ಎರಡೆರಡು ಹೊಲಿಗೆ ಹಾಕಿದರು. ಕೊಡುವಾಗ ಗುಟ್ಟಾಗಿ ಹೇಳಿದರು: "ಮೇಲೆ ಲಾಡಿ ಹಾಕಿದ್ದೀನಿ ಸಾರ್. ಓಡೋವಾಗ ಗಾಡಿ ಲಂಗ ಜಾರಿಬಿಟ್ರೆ ನಾಲ್ಕು ಜನರ ಎದುರು ಏನ್ ಚೆನ್ನಾಗಿರುತ್ತೆ?"

ಹೊಗೆ

ಇಂಜಿನ್ ಸಿಕ್ಕಿದ್ದೂ ಶಿವಾಜಿನಗರದ ಗುಜರಿಯಲ್ಲೇ. ಯಾವುದೋ ಹುಲ್ಲು ಕತ್ತರಿಸುವ ಯಂತ್ರದ್ದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ನಾನು ಸ್ವಲ್ಪ ಧಾರಾಳವಾಗಿಯೇ ಬೆರೆಸಿದ್ದೆ. ಒಂದು ಸಂಜೆ ಕೆಳಗಿನ ಪಾರ್ಕಿಂಗಿನಲ್ಲಿ ಇಟ್ಟು ಹಗ್ಗ ಎಳೆದೆ. ಎಳೆದೆ, ಎಳೆದೆ, ಭುಜ ಬಿದ್ದುಹೋಗುವ ಹೊತ್ತಿಗೆ ಒಮ್ಮೆಲೇ ಭರ್ರೆಂದು ಹತ್ತಿಕೊಂಡಿತು. ಗುಜರಿಯಲ್ಲಿ ಸತ್ತು ಬಿದ್ದಿದ್ದ ಕಬ್ಬಿಣ ನನ್ನ ಕೈಯಲ್ಲಿ ಉಸಿರಾಡಿತಲ್ಲ ಎಂದು ಮೈ ಜುಮ್ಮೆಂದಿತು.

ಉಸಿರು ಸ್ವಲ್ಪ ಜಾಸ್ತಿಯೇ ಆಯಿತು. ಪಾರ್ಕಿಂಗ್ ತುಂಬ ಬೆಳ್ಳಗೆ ಹೊಗೆ. ಮೇಲಿನ ಮಹಡಿಗಳಲ್ಲಿ ಪಟಪಟನೆ ಕಿಟಕಿ ಮುಚ್ಚಿಕೊಂಡವು. "ಸೊಳ್ಳೆ ಹೊಗೆ ಬಂತು, ಸಾರು ಮುಚ್ರೀ!" ಎಂದು ಯಾರೋ ಕೂಗಿದರು. ಕೆಳಗಿನ ಮನೆಯ ಹಿರಿಯರು ಮೂಗಿಗೆ ಟವೆಲ್ ಒತ್ತಿಕೊಂಡು ಓಡಿಬಂದರು.

"ಅಂತೂ ಬಂದ್ಯಲ್ಲಪ್ಪಾ! ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಗಿತ್ತು. ಆ ಮೋರಿ ಕಡೆ ಸ್ವಲ್ಪ ಜಾಸ್ತಿ ಹೊಡಿ."

"ಸಾರ್, ನಾನು. ಮೇಲಿನ ಮನೆಯವನು."

ಹೊಗೆಯೊಳಗಿಂದ ಹತ್ತಿರ ಬಂದು ನೋಡಿದರು. "ಅಯ್ಯೋ, ನೀವಾ? ಆಫೀಸ್ ಬಿಟ್ಬಿಟ್ರಾ?"

ಮರುದಿನ ಬೆಳಿಗ್ಗೆ ದೂರು ಬರುತ್ತದೆಂದು ತಲೆ ತಗ್ಗಿಸಿ ಸ್ಕೂಟರ್ ತೆಗೆಯುತ್ತಿದ್ದೆ. ಹಿರಿಯರು ಗೇಟಿನಲ್ಲಿ ಅಡ್ಡ ನಿಂತರು. "ರಾತ್ರಿ ಒಂದೇ ಒಂದು ಸೊಳ್ಳೆ ಇಲ್ಲ ಕಣ್ರೀ. ವಾರಕ್ಕೊಂದ್ಸಲ ನೀವೇ ಹಾಕ್ಬಿಡಿ."

ಪೊರಕೆ

ಹಬ್ಬ ಹತ್ತಿರವಾಯಿತು. ಕೆ.ಆರ್. ಪುರದಿಂದ ನಮ್ಮತ್ತೆ ಬಂದಿಳಿದರು. ಭಾನುವಾರ ಬೆಳಿಗ್ಗೆ ಸ್ಕರ್ಟ್ ತೊಡಿಸಿ, ಲಾಡಿ ಬಿಗಿದು, ಗೇಟಿನ ಒಳಗಿನ ಸಿಮೆಂಟು ನೆಲದ ಮೇಲೆ ಇಂಜಿನ್ ಹತ್ತಿಸಿದೆ. ಬಟ್ಟೆ ನಿಧಾನವಾಗಿ ಪೂರಿಯಂತೆ ಉಬ್ಬಿತು. ಗಾಡಿ ಎದ್ದಿತು. ಎರಡು ಕೈಯಲ್ಲಿ ಹೊತ್ತು ತಂದು ಸೊಂಟ ಹಿಡಿದುಕೊಂಡಿದ್ದೆನಲ್ಲ, ಅದೇ ಗಾಡಿಯನ್ನು ಒಂದು ಬೆರಳಲ್ಲಿ ಮುಟ್ಟಿದರೆ ಸರಿದು ಹೋಗುತ್ತಿದೆ! ನಾನೇ ಕಟ್ಟಿದ್ದರೂ ನಂಬಲಾಗಲಿಲ್ಲ.

ಆ ಸಂಭ್ರಮದಲ್ಲಿ ಅದಕ್ಕೆ ಬ್ರೇಕ್ ಇಲ್ಲವೆಂಬುದು ಮರೆತುಹೋಗಿತ್ತು. ಗೇಟಿನ ಬಳಿ ಅತ್ತೆ ಆಗಷ್ಟೇ ಕಮಲದ ರಂಗೋಲಿ ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಗಾಡಿ ಅದರ ಮೇಲೆ ಹಾಯ್ದು, ಗೇಟಿಗೆ ಬಡಿದು ನಿಂತಿತು. ಹಿಂದೆ ನೋಡಿದರೆ ನೆಲ ತೊಳೆದಷ್ಟು ಸ್ವಚ್ಛ. ಕಮಲವೆಲ್ಲ ಅತ್ತೆಯ ಮುಖದ ಮೇಲಿತ್ತು.

"ನೆಲ ಮುಟ್ಟಲ್ಲ ಅಂದ್ರಿ. ಮುಟ್ದೇನೇ ರಂಗೋಲಿ ಅಳಿಸಿಹೋಯ್ತಾ?"

"ಅದು ಗಾಳಿ ಅತ್ತೆ. ಗಾಡಿ ಮೇಲಿತ್ತು."

"ನನಗೆ ಕಣ್ಣಿಲ್ವಾ? ಬಟ್ಟೆ ನೆಲದ ಮೇಲೇ ಇತ್ತು." ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದರು. "ಏನೂ ಇಲ್ಲ ಕಣೇ. ನಿನ್ನ ಗಂಡ ಪೊರಕೆಗೆ ಇಂಜಿನ್ ಇಟ್ಟಿದ್ದಾರೆ."

ಹೆಂಡತಿ ಒಳಗೆ ಹೋಗಿ, ಯುಟಿಲಿಟಿಯನ್ನು ಟೇಪಿನಲ್ಲಿ ಅಳೆಯತೊಡಗಿದಳು.

ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಗಾಡಿಗಳೆಲ್ಲ ಮಿಂದು, ಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತವು: ಕೆಳಗಿನ ಹಿರಿಯರ ಕಾರು, ನನ್ನ ಸ್ಕೂಟರು, ಕೊನೆಯಲ್ಲಿ ಹಾರ ಮೈಗಿಂತ ದೊಡ್ಡದಾದ ನನ್ನ ಹೋವರ್‌ಕ್ರಾಫ್ಟ್. ಅತ್ತೆ ಪೂಜೆಯಲ್ಲಿ ಯಾರಿಗೂ ಭೇದ ಮಾಡುವವರಲ್ಲ. ಒಂದೊಂದು ಚಕ್ರದಡಿ ನಿಂಬೆಹಣ್ಣಿಟ್ಟು, ಗಾಡಿ ಹತ್ತಿಸಿ ಒಡೆಸುತ್ತ ನನ್ನದರ ಹತ್ತಿರ ಬಂದು ನಿಂತರು.

"ಚಕ್ರ ಎಲ್ಲಿ?"

"ಇಲ್ಲ ಅತ್ತೆ."

ಗಾಡಿಗೆ ಒಂದು ಸುತ್ತು ಬಂದರು. ಕುಂಕುಮವಿಟ್ಟ ಪುಟ್ಟ ನಿಂಬೆಹಣ್ಣೊಂದನ್ನು ಗಾಡಿಯ ದಾರಿಯಲ್ಲೇ ಇಟ್ಟರು. "ಹತ್ತಿಸಿ. ನೆಲ ಬಿಟ್ಟಿದ್ಯೋ ಇಲ್ವೋ ಈಗ ಗೊತ್ತಾಗುತ್ತೆ."

ನನಗೆ ಬೆವರಿತು. ಹಣ್ಣು ಒಡೆದರೆ ಪೂಜೆ ಸಾಂಗ, ಜಾಗ ಹೋಯಿತು. ಹಾರವನ್ನು ತೆಗೆದಿಟ್ಟು ಇಂಜಿನ್ ಹತ್ತಿಸಿದೆ. ಗಾಡಿ ಎದ್ದು ಮುಂದೆ ಸರಿಯಿತು, ಸ್ಕರ್ಟಿನ ಅಂಚು ಹಣ್ಣನ್ನು ಮುಟ್ಟಿ, ಮಡಿಸಿಕೊಂಡು, ನುಂಗಿಬಿಟ್ಟಿತು. ಹಿರಿಯರು ಮೂಗಿನ ಟವೆಲ್ ಇಳಿಸಿದರು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ಹಿಂದುಗಡೆಯಿಂದ ನಿಂಬೆಹಣ್ಣು ಉರುಳಿಕೊಂಡು ಹೊರಗೆ ಬಂತು. ಇಡಿಯಾಗಿ, ಕುಂಕುಮದ ಬೊಟ್ಟಿನ ಸಮೇತ.

ನಾನು ಇಂಜಿನ್ ಆರಿಸಿದೆ. ಅತ್ತೆ ಬಗ್ಗಿ ಹಣ್ಣನ್ನು ಎತ್ತಿಕೊಂಡರು, ತಿರುಗಿಸಿ ನೋಡಿದರು, ಹಿಚುಕಿ ನೋಡಿದರು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡು ಗಾಡಿಗೆ ಕೈ ಮುಗಿದರು. "ನೆಲ ಬಿಟ್ಟಿದೆ ಕಣೇ," ಎಂದ ದನಿ ಅವರದೇ ಎನ್ನಿಸಲಿಲ್ಲ.

"ಮೆಷಿನ್ನು ಬಚ್ಚಲಲ್ಲಿ ಇಟ್ಕೋತೀನಿ ಬಿಡಿ," ಎಂದಳು ಹೆಂಡತಿ. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಓಡಿಸ್ತೀರಾ?" ಎಂದಳು.

ನಾನು ರಿಮೋಟು ಎತ್ತಿದೆ. "ತಡೀರಿ," ಎಂದರು ಅತ್ತೆ. ಗಾಡಿಯ ಹಾರ ತಂದು ನನ್ನ ಕೊರಳಿಗೆ ಹಾಕಿದರು. ಹಣೆಗೆ ಕುಂಕುಮ ಬಳಿದರು. ಚಪ್ಪಲಿ ಬಿಡಿಸಿ, ನನ್ನ ಎರಡು ಪಾದಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು.

"ಇದೇನತ್ತೆ?"

"ನಿಂಬೆಹಣ್ಣು ಒಡೀದೆ ಪೂಜೆ ಮುಗಿಯೋದುಂಟಾ? ಗಾಡಿಗೆ ಚಕ್ರ ಇಲ್ದಿದ್ರೇನು, ಓಡ್ಸೋರಿಗೆ ಕಾಲಿದೆಯಲ್ಲ!"