ಜನರಲ್ ಸಾಹೇಬರೂ ನಮ್ಮ ಪತ್ರಿಕೆಯೂ

ಪತ್ರಿಕೆ ಕೆಲಸದಲ್ಲಿ ಸುದ್ದಿ ಸಿಗುವುದಕ್ಕಿಂತ ನಾವು ಪೇಚಿಗೆ ಸಿಕ್ಕಿಕೊಳ್ಳುವುದೇ ಹೆಚ್ಚು. ನಾನು ಹುಮನಾಬಾದಿನಲ್ಲಿ ಒಂದು ದೊಡ್ಡ ಪತ್ರಿಕೆಯ ವರದಿಗಾರ. ಗಡಿಯಲ್ಲಿ ಯುದ್ಧ ನಡೆಸಿ ಬಂದ ನಿವೃತ್ತ ಜನರಲ್ ಸಾಹೇಬರೊಬ್ಬರು ಬಸವಕಲ್ಯಾಣದಲ್ಲಿದ್ದಾರೆ. ಯುದ್ಧಕಾಲದಲ್ಲಿ ಅವರಿಗೂ ನಮ್ಮ ಪತ್ರಿಕೆಗೂ ಏನೋ ನಂಟಿತ್ತು ಎಂಬ ಮಾತು ಸಂಪಾದಕರ ಕಿವಿಗೆ ಬಿತ್ತು. "ಭಾನುವಾರದೊಳಗೆ ಅದೇನೆಂದು ಬರೆಯಿರಿ. ಆಗದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡುತ್ತೇನೆ" ಎಂದರು. ನೌಕರಿಯ ಭಯ ಒಂದು ಕಡೆ, ತಡೆಯಲಾಗದ ಕುತೂಹಲ ಇನ್ನೊಂದು ಕಡೆ.

ಚಹಾದಂಗಡಿಯ ಸಾಕ್ಷಿ

ಮೊದಲು ಸಾಹೇಬರ ಓಣಿಯ ಚಹಾದಂಗಡಿಯಲ್ಲಿ ವಿಚಾರಿಸಿದೆ.

"ಅದರಾಗೇನ್ ಕೇಳ್ತೀರಿ? ಆ ಪೇಪರ್ ಸಾಹೇಬ್ರದೇ ಅದರಿ" ಎಂದ ಅಂಗಡಿಯವನು.

"ಯಾರು ಹೇಳಿದ್ರು?"

"ಹೇಳಾಕ ಯಾಕ ಬೇಕ್ರಿ? ದಿನಾ ಮುಂಜಾನೆ ಕೆಂಪು ಪೆನ್ನು ಹಿಡಕೊಂಡು ಅದಕ್ಕ ಬೈಕೋತ ಕುಂತಿರ್ತಾರ. ಬ್ಯಾರೆಯವರ ಪೇಪರಿಗೆ ಯಾರಾರ ಇಷ್ಟು ಬೈತಾರೇನ್ರಿ?"

ರಸ್ತೆಯ ವರದಿ

ಸಾಹೇಬರ ಮನೆಗೆ ಹೋದೆ. ನನ್ನ ಹೆಸರು, ಪತ್ರಿಕೆ ಹೇಳಿದ್ದೇ ತಡ, ಅವರು ನನ್ನ ಹಳೆಯ ವರದಿಯೊಂದನ್ನು ಮುಂದಿಟ್ಟರು. ಅದರ ತುಂಬ ಕೆಂಪು ಗೆರೆ.

"ಮುಡಬಿ ಆಚಿ ಹಳ್ಳಿ ರಸ್ತಾ ಮುಗೀತಂತ ಬರ್ದೀರಿ. ನೋಡಿ ಬಂದೀರೇನು?"

"ಇಲ್ರಿ ಸಾಹೇಬ್ರ, ಫೋನ್‌ನಾಗ ಕೇಳಿದ್ದೆ."

"ನೋಡಿ ಬರ್ರಿ. ಆಮ್ಯಾಲ ಮಾತು."

ಕೂಡಲೇ ಬೈಕ್ ಹತ್ತಿದೆ. ಮಧ್ಯಾಹ್ನ ವಾಪಸ್ ಬಂದಾಗ ಹುಬ್ಬಿನವರೆಗೂ ಕೆಂಪು ಧೂಳು.

"ಎಲ್ಲಿತನಕ ಬಂದದ ರಸ್ತಾ?" ಎಂದರು.

"ನಿಮ್ಮ ಮನಿತನಕ ಬಂದದರಿ. ನನ್ನ ಮೈಮ್ಯಾಲೇ ಅದ."

ಟಪಾಲು

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಕುರ್ಚಿ ಕೊಟ್ಟು ಚಹಾ ತರಿಸಿದರು. ಇದೇ ಸಮಯವೆಂದು ಕೇಳಿಯೇಬಿಟ್ಟೆ: "ಯುದ್ಧದಾಗ ನಮ್ಮ ಪೇಪರಿಗೂ ನಿಮಗೂ ಏನ್ ಸಂಬಂಧ ಇತ್ತರಿ?"

"ಇತ್ತಲ್ಲ! ಒಂದು ಗುಡ್ಡ ಹಿಡಿಯೋದಿತ್ತು. ಮ್ಯಾಲೆ ವೈರಿ, ಕೆಳಗ ನಾವು. ಹತ್ತೋಣೋ, ಹಿಂದ ಸರಿಯೋಣೋ ಅಂತ ವಿಚಾರ ಮಾಡಾಕತ್ತಿದ್ದೆ. ಅಷ್ಟರಾಗ ಟಪಾಲು ಬಂತು, ಅದರಾಗ ನಿಮ್ಮ ಪೇಪರ್. ನಾ ಗುಡ್ಡ ಹಿಡದೇಬಿಟ್ಟೀನಂತ ಫೋಟೋ ಸಮೇತ ಛಾಪಿಸಿದ್ರಿ!"

ನನಗೆ ನಾಚಿಕೆಯಾಯಿತು. "ತಪ್ಪಾಗೇದ, ತಿದ್ದುಪಡಿ ಹಾಕ್ರಿ ಅಂತ ಹೇಳಿಸಬೇಕಿತ್ತಲ್ರಿ?"

"ಹೇಳಿಸ್ತಿದ್ದೆ. ಆದ್ರ ಅದೇ ಟಪಾಲಿನಾಗ ಊರಿಂದ ನನ್ನ ಹಡದ ಅಮ್ಮಿ ಬರೆದ ಪತ್ರಾನೂ ಇತ್ತು. ಪೇಪರ್ ನೋಡಿದ ಖುಷಿಗೆ ಅಕಿ ಇಡೀ ಓಣಿಗೆ ಪೇಢಾ ಹಂಚಿಬಿಟ್ಟಿದ್ಳು."

"ಮತ್ತ ಏನ್ ಮಾಡಿದ್ರಿ ಸಾಹೇಬ್ರ?"

"ಏನ್ ಮಾಡ್ಲಿ? ತಿಂದ ಪೇಢಾ ವಾಪಸ್ ಕೇಳಾಕ ಬರ್ತದೇನು? ಗುಡ್ಡಾನೇ ಹಿಡದೆ!"