ತಲೆನೋವು ಎಡಗಡೆಯೋ, ಬಲಗಡೆಯೋ?

ಚಾಮರಾಜನಗರದಲ್ಲಿ ನಾನು ತಲೆನೋವಿನ ಡಾಕ್ಟರು. ವಾರಕ್ಕೊಂದು ದಿನ ಗುಂಡ್ಲುಪೇಟೆಗೂ ಹೋಗಿ ಕೂರುತ್ತೇನೆ. ಕಾಲು ಮುರಿದರೆ ಕಣ್ಣಿಗೆ ಕಾಣುತ್ತದೆ, ಜ್ವರ ಬಂದರೆ ಕೈಗೆ ತಿಳಿಯುತ್ತದೆ. ತಲೆನೋವು ಹಾಗಲ್ಲ, ರೋಗಿ ಬಾಯಿಬಿಟ್ಟು ಹೇಳಿದಷ್ಟೇ. ಹಾಗಾಗಿ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಕೇಳುವುದು. ನಾನು ಅಂದುಕೊಂಡ ಉತ್ತರವೇ ಬಂದ ದಿನಗಳು ಬಹಳ ಕಡಿಮೆ.

ಮಂಗಳವಾರದ ನೋವು

ಚಂದಕವಾಡಿ ಕಡೆಯ ಅಂಗನವಾಡಿ ಟೀಚರೊಬ್ಬರಿಗೆ ಅರೆತಲೆನೋವು. ಮಾತ್ರೆ ಕೊಟ್ಟು, ನೋವು ಬಂದ ದಿನವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಅಂದಿದ್ದೆ. ಎರಡು ತಿಂಗಳಾದ ಮೇಲೆ ಗೆರೆ ಎಳೆದು ಚೆಂದವಾಗಿ ಬರೆದುಕೊಂಡು ಬಂದರು. ನೋವು ತುಂಬ ಕಡಿಮೆಯಾಗಿತ್ತು, ಹದಿನೈದು ದಿನಕ್ಕೊಂದು ಸಲ ಅಷ್ಟೇ. ಆದರೆ ಬಂದಾಗೆಲ್ಲ ಮಂಗಳವಾರವೇ! ನನಗೆ ಕುತೂಹಲ ತಡೆಯಲಾಗಲಿಲ್ಲ.

"ಮಂಗಳವಾರ ಉಪವಾಸ ಏನಾದ್ರೂ ಮಾಡ್ತೀರಾ?"

"ಅದು ಸೋಮವಾರ."

"ಅಡುಗೆ ಬೇರೆ ಥರಾನಾ?"

"ಅದೇ ಮುದ್ದೆ, ಅದೇ ಸಾರು."

"ಮತ್ತೆ ಬೆಳಿಗ್ಗೆಯಿಂದ ಏನೇನು ಮಾಡ್ತೀರಿ, ಹೇಳಿ."

"ತಿಂಡಿ ತಿನ್ನಕ್ಕೂ ಟೈಮ್ ಇರಕ್ಕಿಲ್ಲ. ಓಡೋಗಿ ಬಸ್ಸು ಹತ್ತುತೀನಿ. ಸೀಟು ಸಿಕ್ಕಕ್ಕಿಲ್ಲ. ಇಳಿದು ಬಿಸಿಲಲ್ಲಿ ನಡೀತೀನಿ. ಆಮೇಲೆ ಬೆಂಚಿನ ಮೇಲೆ ಮೂರು ಗಂಟೆ ಕಾಯ್ತೀನಿ."

ನಾನು ಪೆನ್ನು ಕೆಳಗಿಟ್ಟೆ. "ಅಯ್ಯೋ, ಇಷ್ಟೆಲ್ಲ ಕಷ್ಟಪಟ್ಟು ಎಲ್ಲಿಗಮ್ಮ ಹೋಗೋದು?"

ಆಕೆ ನನ್ನನ್ನೇ ಕನಿಕರದಿಂದ ನೋಡಿದರು. "ಹದಿನೈದು ದಿನಕ್ಕೊಂದ್ಸಲ ಮಾತ್ರೆಗೆ ಬನ್ನಿ ಅಂದಿದ್ರಲ್ಲ, ನಿಮ್ತಾವ್ಕೇ ಡಾಕ್ಟ್ರಮ್ಮ!"

ಹತ್ತಕ್ಕೆ ಎಷ್ಟು?

ಗುಂಡ್ಲುಪೇಟೆಯಲ್ಲಿ ಒಬ್ಬರು ಈರುಳ್ಳಿ ವ್ಯಾಪಾರಿ ಬಂದರು. ನೋವು ಎಷ್ಟಿದೆ ಎಂದು ತಿಳಿಯಲು ನಾವು ಒಂದು ನಂಬರ್ ಕೇಳುತ್ತೇವೆ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ವಿವರಿಸಿದೆ.

"ನೀವೇ ಒಂದು ಹೇಳಿ ಮೇಡಂ" ಅಂದರು.

"ನಿಮ್ಮ ತಲೆ, ನೀವೇ ಹೇಳ್ಬೇಕು."

"ಒಂಬತ್ತು ಹಾಕಳಿ."

ಐದು ನಿಮಿಷದ ಹಿಂದೆ ಫೋನಿನಲ್ಲಿ ಜೋರಾಗಿ ನಗುತ್ತಿದ್ದವರು ಇವರೇ. "ಒಂಬತ್ತು ಅಂದ್ರೆ ಎದ್ದು ನಿಲ್ಲೋಕೂ ಆಗ್ಬಾರ್ದು" ಅಂದೆ.

"ಹಂಗಾದ್ರೆ ಎಂಟು."

"ವಾಂತಿ ಬಂದ ಹಾಗಾಗುತ್ತಾ?"

"ಇಲ್ಲ. ಓಗ್ಲಿ, ಏಳು ಮಾಡ್ಕಳಿ."

"ಬೆಳಕು ನೋಡಿದ್ರೆ ನೋವು ಜಾಸ್ತಿ ಆಗುತ್ತಾ?"

"ಏನೂ ಆಗಕ್ಕಿಲ್ಲ."

ನಾನು ಚೀಟಿಯಲ್ಲಿ ಐದು ಅಂತ ಬರೆದೆ. ಅವರು ಇಣುಕಿ ನೋಡಿದರು. ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದೇಬಿಟ್ಟರು.

"ಐದಕ್ಕೆ ಗಿಟ್ಟಕ್ಕಿಲ್ಲ ಮೇಡಂ. ಆರಾದ್ರೆ ಕೂರ್ತೀನಿ. ಇಲ್ದಿದ್ರೆ ಮೈಸೂರ್ಗೆ ಓಯ್ತೀನಿ."

ಮದುವೆಮನೆಗೊಂದು ಚೀಟಿ

ಪುಣಜನೂರು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಿಶ್ಚಿತಾರ್ಥದ ದಿನ ಹುಡುಗಿ ಎಲ್ಲರೆದುರಿಗೇ ತಲೆ ಹಿಡಿದುಕೊಂಡು ಎದ್ದು ಹೋಗಿ, ವಾಂತಿ ಮಾಡಿ, ಕತ್ತಲೆ ಕೋಣೆಯಲ್ಲಿ ಮಲಗಿಬಿಟ್ಟಿದ್ದಳಂತೆ. ಹುಡುಗಿಗೆ ಈ ಸಂಬಂಧ ಇಷ್ಟವಿಲ್ಲ ಎಂದು ಗಂಡಿನ ಕಡೆಯವರು ಗುಸುಗುಸು ಶುರು ಮಾಡಿದ್ದರು. ಮದುವೆ ನಿಂತೇ ಹೋಗುತ್ತದೇನೋ ಎಂದು ಅಪ್ಪನ ಕಣ್ಣಲ್ಲಿ ನೀರು.

ಅಪ್ಪನನ್ನು ಹೊರಗೆ ಕೂರಿಸಿ ಹುಡುಗಿಯನ್ನು ಕೇಳಿದೆ. "ನಿಜ ಹೇಳು, ಹುಡುಗ ಇಷ್ಟ ಇಲ್ವಾ?"

"ಅಯ್ಯೋ, ಬಾಳ ಇಷ್ಟ ಕಣ್ ಮೇಡಂ! ಖಾಲಿ ಹೊಟ್ಟೆ, ಸಾಂಬ್ರಾಣಿ ಹೊಗೆ, ಕಿವಿ ಪಕ್ಕದಲ್ಲೇ ವಾಲಗ. ಮೂರೂ ಒಟ್ಟಿಗೆ ಬಂದ್ರೆ ನನ್ ತಲೆ ತಡಿಯಕ್ಕಿಲ್ಲ."

ಪರೀಕ್ಷೆ ಮಾಡಿದೆ. ಅನುಮಾನವೇ ಇಲ್ಲ, ಮೈಗ್ರೇನ್. ಔಷಧಿ ಶುರು ಮಾಡಿ, ಬೀಗರಿಗೆ ತೋರಿಸಲು ಒಂದು ಚೀಟಿಯನ್ನೂ ಬರೆದುಕೊಟ್ಟೆ. ಹುಡುಗಿ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಬೇಕು, ಹತ್ತಿರ ಹೊಗೆ ಹಾಕಬಾರದು, ವಾಲಗ ಛತ್ರದ ಹೊರಗೆ, ಅದೂ ತಾಳಿ ಕಟ್ಟುವ ಹೊತ್ತಿಗೆ ಮಾತ್ರ. ಅವರು ಏನಂದುಕೊಳ್ಳುತ್ತಾರೋ ಎಂಬ ಅಳುಕು ನನಗೂ ಇತ್ತು. ಎರಡು ದಿನ ಬಿಟ್ಟು ಮದುವೆಗಂಡೇ ಫೋನ್ ಮಾಡಿದ. "ಮೇಡಂ, ಮಲ್ಲಿಗೆ ವಾಸನೆ ಅವಳಿಗೆ ಆಗುತ್ತಾ? ಆಗದಿದ್ರೆ ಹಾರಕ್ಕೆ ಬೇರೆ ಹೂವು ಹೇಳ್ತೀನಿ." ನನ್ನ ಅಳುಕು ಅಲ್ಲಿಗೇ ಹೋಯಿತು.

ಕರೆದಿದ್ದರು, ಏನಾಗುತ್ತದೋ ನೋಡೋಣ ಎಂದು ಮದುವೆಗೆ ಹೋದೆ. ಹುಡುಗಿ ಬೆಳಿಗ್ಗೆಯೇ ಇಡ್ಲಿ ತಿಂದಿದ್ದಳು, ಮುಖ ಅರಳಿತ್ತು. ತಾಳಿ ಕಟ್ಟುವಾಗ ಹೊರಗಿನಿಂದ ವಾಲಗ ಕೇಳಿಸಿತು, ಮುಗಿದ ತಕ್ಷಣ ನಿಂತಿತು. ಮಿಕ್ಕ ಹೊತ್ತೆಲ್ಲ ವಾಲಗದವರು ಚಪ್ಪರದ ಕೆಳಗೆ ಸುಮ್ಮನೆ ಕೂತಿದ್ದರು. ನೋಡಿ ನನಗೆ ಪಾಪ ಅನ್ನಿಸಿತು.

ಊಟಕ್ಕೆ ಕೂತಿದ್ದೆ. ಡೋಲು ಹೊಡೆಯುವ ದೊಡ್ಡಾಳು ಸೀದಾ ನನ್ನ ಎಲೆಯ ಮುಂದೆಯೇ ಬಂದು ನಿಂತ.

"ಆ ಚೀಟಿ ಬರ್ದೋರು ನೀವೇಯಾ?"

ಜಗಳ ಗ್ಯಾರಂಟಿ ಅಂದುಕೊಂಡೆ. ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು. "ಹೌದಪ್ಪ" ಅಂದೆ.

ಆತ ಆ ಕಡೆ ಈ ಕಡೆ ನೋಡಿ, ಬಗ್ಗಿ, ದನಿ ಇಳಿಸಿದ.

"ಇಪ್ಪತ್ತು ವರ್ಷದಿಂದ ಡೋಲು ಹೊಡೀತಾ ಇವ್ನಿ ಕಣವ್ವ. ಮದ್ವೆ ದಿನ ತಲೆ ನೋಯ್ದೆ ಉಣ್ಣಕ್ಕೆ ಕೂತದ್ದು ಇವತ್ತೇ ಮೊದ್ಲು. ಬರೋ ವಾರ ಗುಂಡ್ಲುಪೇಟೇಲಿ ಇನ್ನೊಂದು ಮದ್ವೆ ಅದೆ. ಆ ಹೆಣ್ಗೂವೆ ಇಂಥದ್ದೇ ಒಂದು ಚೀಟಿ ಬರ್ಕೊಟ್ಬುಡಿ."